ಐರೋಲಿಯ ಇಂಗಾಲದ ಲೆಕ್ಕ: ಮೊದಲು ಆಗಬೇಕಾದದ್ದು ಯಾವುದು?

ಮುಲುಂಡಿನಿಂದ ಸೇತುವೆ ದಾಟಿ ಐರೋಲಿಗೆ ಬರುವವರಿಗೆ ಮೊದಲು ಕಾಣುವುದು ಥಾಣೆ ಖಾಡಿಯ ದಡದ ಕಾಂಡ್ಲಾ ಕಾಡು. ಚಳಿಗಾಲದಿಂದ ಬೇಸಿಗೆಯವರೆಗೆ ಅಲ್ಲಿನ ಕೆಸರಿನ ಮೇಲೆ ಫ್ಲೆಮಿಂಗೊ ಹಕ್ಕಿಗಳ ಗುಲಾಬಿ ಗುಂಪು ಇಳಿಯುತ್ತದೆ. ಅಲ್ಲಿಂದ ಪಾರಸಿಕ ಗುಡ್ಡದ ತಪ್ಪಲಿಗೆ ಕೆಲವೇ ಕಿಲೋಮೀಟರ್ ದೂರ. ಆ ಸಣ್ಣ ಪಟ್ಟಿಯೊಳಗೆ ದಿವಾ ಕೋಳಿವಾಡೆ, ನವಿ ಮುಂಬಯಿಯನ್ನು ಕಟ್ಟಿದ ಸಿಡ್ಕೊ ನಿಗಮದ ಕಾಲದ ವಸತಿ ಸೆಕ್ಟರ್‌ಗಳು, ಹೊಸ ಗೋಪುರ ಕಟ್ಟಡಗಳು, ಟ್ರಾನ್ಸ್-ಹಾರ್ಬರ್ ರೈಲು ಹಳಿ, ಐಟಿ ಪಾರ್ಕುಗಳು, ಲಾರಿಗಳಿಂದ ತುಂಬಿದ ಥಾಣೆ-ಬೇಲಾಪುರ ರಸ್ತೆ ಎಲ್ಲವೂ ಇವೆ. ರಸ್ತೆಯಾಚೆ ಟಿಟಿಸಿ ಕೈಗಾರಿಕಾ ಪ್ರದೇಶ, ಅದರೊಳಗೆ ಹಗಲುರಾತ್ರಿ ವಿದ್ಯುತ್ ಕುಡಿಯುವ ಡೇಟಾ ಸೆಂಟರ್‌ಗಳು, ಗುಡ್ಡದ ಇಳಿಜಾರಿನಲ್ಲಿ ತಗಡಿನ ಮನೆಗಳ ಬಸ್ತಿಗಳು. ನಗರವೊಂದು ಗಾಳಿಗೆ ಬಿಡುವ ಹಸಿರುಮನೆ ಅನಿಲ ಎಲ್ಲಿಂದ ಹುಟ್ಟುತ್ತದೆ, ಅದನ್ನು ಯಾರು ತಡೆಯಬಲ್ಲರು ಎಂದು ಕೇಳಿದರೆ ಉತ್ತರದ ಬಹುಪಾಲು ಈ ಒಂದೇ ಪಟ್ಟಿಯಲ್ಲಿ ಸಿಗುತ್ತದೆ.

ಸಾಮಾನ್ಯವಾಗಿ ಇಂಥ ಪ್ರಶ್ನೆಗೆ ನಮ್ಮ ನಗರಗಳು ಕೊಡುವ ಉತ್ತರ ಗಿಡ ನೆಡುವುದು, ಸೈಕಲ್ ಜಾಥಾ, ಗೋಡೆ ಬರಹ. ಅವು ಒಳ್ಳೆಯ ಕೆಲಸಗಳೇ. ಆದರೆ ಒಂದು ಯೋಜನೆಗೆ ಮೊದಲು ಬೇಕಾದದ್ದು ಲೆಕ್ಕ, ಆಮೇಲೆ ಸರದಿ. ನೂರು ಕೆಲಸಗಳ ಪಟ್ಟಿ ಬರೆಯುವುದು ಕಷ್ಟವಲ್ಲ; ಅದರಲ್ಲಿ ಮೊದಲ ಐದು ಯಾವುವು ಎಂದು ಆರಿಸಿ, ಅದಕ್ಕೆ ಹಣ ಕಟ್ಟಿ, ಉಳಿದವರಿಗೆ ಕಾಯಲು ಹೇಳುವುದು ಕಷ್ಟ. ನವಿ ಮುಂಬಯಿ, ಥಾಣೆ, ಕಲ್ಯಾಣ್-ಡೊಂಬಿವಲಿ ಪಾಲಿಕೆಗಳ ಮುಂದಿರುವ ನಿಜವಾದ ಕೆಲಸ ಇದೇ.

ನಗರಗಳು ಹೀಗೆ ಲೆಕ್ಕ ಹಾಕಲು ತೊಡಗಿ ಮೂರು ದಶಕಗಳು ಕಳೆದಿವೆ. 1990ರಲ್ಲಿ ಕೆನಡಾದ ಟೊರೊಂಟೊ ನಗರಸಭೆ ತನ್ನ ಅನಿಲ ಹೊರಸೂಸುವಿಕೆಯನ್ನು 2005ರ ಹೊತ್ತಿಗೆ 20% ಇಳಿಸುವ ಗುರಿ ಇಟ್ಟುಕೊಂಡಿತು; ಪುರಸಭೆ ಮಟ್ಟದಲ್ಲಿ ಅಂಥ ಗುರಿ ತೀರಾ ಹೊಸದು. 1993ರಲ್ಲಿ ಇಕ್ಲೆ ಎಂಬ ಸ್ಥಳೀಯ ಸಂಸ್ಥೆಗಳ ಜಾಗತಿಕ ಒಕ್ಕೂಟ ನಗರಗಳಿಗಾಗಿಯೇ ಒಂದು ಆಂದೋಲನ ಆರಂಭಿಸಿ ಐದು ಹೆಜ್ಜೆಗಳ ದಾರಿ ಹಾಕಿಕೊಟ್ಟಿತು: ಲೆಕ್ಕ ಹಾಕು, ಗುರಿ ಇಡು, ಯೋಜನೆ ಬರೆ, ಜಾರಿಗೆ ತಾ, ಮತ್ತೆ ಅಳೆ. 2014ರಲ್ಲಿ ಎಲ್ಲ ನಗರಗಳೂ ಒಂದೇ ಬಗೆಯಲ್ಲಿ ಲೆಕ್ಕ ಇಡಲೆಂದು ಒಂದು ಜಾಗತಿಕ ನಿಯಮಾವಳಿಯೂ ಬಂತು.

ಆ ನಿಯಮಾವಳಿಯ ತಿರುಳು ಸರಳವಾಗಿದೆ. ನಗರದ ಗಡಿಯೊಳಗೆ ನೇರವಾಗಿ ಉರಿದ ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ ಒಂದು ಖಾತೆ. ಬೇರೆಲ್ಲೋ ಕಲ್ಲಿದ್ದಲು ಸುಟ್ಟು ತಯಾರಾಗಿ ತಂತಿಯ ಮೂಲಕ ನಗರಕ್ಕೆ ಬಂದ ವಿದ್ಯುತ್ತು ಎರಡನೆಯ ಖಾತೆ. ನಗರದವರಿಗಾಗಿ ಗಡಿಯಾಚೆ ನಡೆಯುವ ಉಳಿದದ್ದು ಮೂರನೆಯದು. ಹೊರಗೆ ಸುರಿದ ಕಸ, ವಿಮಾನಯಾನ ಅಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ ಒಂದು ಗುಣಕವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಡೀಸೆಲ್ ಆದರೆ ಸುಮಾರು 2.7 ಕಿಲೋ. 14.2 ಕಿಲೋದ ಒಂದು ಅಡುಗೆ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 42 ಕಿಲೋ. ಭಾರತದ ಗ್ರಿಡ್‌ನಿಂದ ಬರುವ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋ. ಇವಿಷ್ಟು ಗೊತ್ತಿದ್ದರೆ ಯಾವ ಮನೆಯವರಾದರೂ ತಮ್ಮ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಸ್ವಂತ ಲೆಕ್ಕ ತೆಗೆಯಬಹುದು.

ಐರೋಲಿಯ ನೆರೆಯ ಮುಂಬಯಿ ಈ ಕೆಲಸವನ್ನು ಮಾಡಿ ಮುಗಿಸಿದೆ. 2022ರ ಮಾರ್ಚ್‌ನಲ್ಲಿ ಬೃಹನ್ಮುಂಬಯಿ ಪಾಲಿಕೆ ಪ್ರಕಟಿಸಿದ ಹವಾಮಾನ ಕ್ರಿಯಾ ಯೋಜನೆಯ ಪ್ರಕಾರ 2019ರಲ್ಲಿ ಆ ನಗರದ ಹೊರಸೂಸುವಿಕೆ ಸುಮಾರು 2.34 ಕೋಟಿ ಟನ್. ಅದರಲ್ಲಿ ಶೇಕಡಾ 70ಕ್ಕೂ ಹೆಚ್ಚು ಕಟ್ಟಡಗಳು ಮತ್ತು ಕೈಗಾರಿಕೆಗಳು ಬಳಸುವ ವಿದ್ಯುತ್ತು ಹಾಗೂ ಇಂಧನದ್ದು, ಸುಮಾರು 20% ಸಾರಿಗೆಯದು, ಸುಮಾರು 8% ಕಸದ್ದು. ಗುರಿ 2050ಕ್ಕೆ ನಿವ್ವಳ ಶೂನ್ಯ. ಬೆಂಗಳೂರು 2023ರ ನವೆಂಬರ್‌ನಲ್ಲಿ ತನ್ನ ಯೋಜನೆ ಹೊರತಂದಿತು; ಅಲ್ಲಿಯೂ ಗುರಿ 2050, ಅಲ್ಲಿಯೂ ಮೊದಲ ಪಾಲು ಕಟ್ಟಡಗಳ ಇಂಧನದ್ದೇ. ರಸ್ತೆಯ ಹೊಗೆ ಕಣ್ಣಿಗೆ ಕಾಣುತ್ತದೆ, ಸ್ವಿಚ್ಚಿನ ಹಿಂದಿನ ಹೊಗೆ ಕಾಣುವುದಿಲ್ಲ. ಆದ್ದರಿಂದಲೇ ಲೆಕ್ಕ ಮುಖ್ಯ: ಅದು ನಮ್ಮ ಊಹೆಯನ್ನು ತಲೆಕೆಳಗು ಮಾಡುತ್ತದೆ.

ಮಹಾರಾಷ್ಟ್ರ ಸರಕಾರ 2020ರ ಅಕ್ಟೋಬರ್ 2ರಂದು 'ಮಾಝಿ ವಸುಂಧರಾ' ಅಭಿಯಾನ ಶುರು ಮಾಡಿ ಭೂಮಿ, ವಾಯು, ಜಲ, ಅಗ್ನಿ, ಆಕಾಶ ಎಂಬ ಐದು ತಲೆಬರಹಗಳಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಅಂಕ ಕೊಡುತ್ತಿದೆ. ಸ್ವಚ್ಛ ಸರ್ವೇಕ್ಷಣೆಯಲ್ಲಿ 2020ರಲ್ಲೂ 2022ರಲ್ಲೂ 2023ರಲ್ಲೂ ದೇಶಕ್ಕೆ ಮೂರನೆಯ ಸ್ಥಾನ ಪಡೆದ ನವಿ ಮುಂಬಯಿಗೆ ಇಂಥ ಸ್ಪರ್ಧೆ ಹೊಸತಲ್ಲ. ಆದರೆ ಅಂಕ ಸಿಗುವ ಕೆಲಸ ಮತ್ತು ಟನ್ನುಗಟ್ಟಲೆ ಅನಿಲ ಇಳಿಸುವ ಕೆಲಸ ಎರಡೂ ಒಂದೇ ಆಗಿರಬೇಕೆಂದಿಲ್ಲ. ಬೀದಿ ಬದಿಯ ಗೋಡೆಗೆ ಚಿತ್ರ ಬಿಡಿಸಿದರೆ ಅಂಕ ಬರಬಹುದು. ಗಾಳಿಯಲ್ಲಿ ಏನೂ ಬದಲಾಗುವುದಿಲ್ಲ.

ಮೊದಲು ವಿದ್ಯುತ್ತನ್ನೇ ನೋಡೋಣ. ಐರೋಲಿ, ರಬಾಳೆ, ಮಹಾಪೆ ಸೇರಿದ ಪಟ್ಟಿ ಇಂದು ದೇಶದ ದೊಡ್ಡ ಡೇಟಾ ಸೆಂಟರ್ ಕೇಂದ್ರಗಳಲ್ಲಿ ಒಂದು. ಸಮುದ್ರದಡಿಯ ಕೇಬಲ್‌ಗಳು ಮುಂಬಯಿ ತೀರಕ್ಕೆ ಬಂದು ಸೇರುವುದು, ಬ್ಯಾಂಕು-ಷೇರುಪೇಟೆಗಳ ಸಾಮೀಪ್ಯ, ಕೈಗಾರಿಕಾ ಪ್ರದೇಶದಲ್ಲಿ ಮೊದಲೇ ಇದ್ದ ವಿದ್ಯುತ್ ಜಾಲ ಇವೆಲ್ಲ ಅದಕ್ಕೆ ಕಾರಣ. ಯುಪಿಐನಲ್ಲಿ ಹತ್ತು ರೂಪಾಯಿ ಕಳಿಸಿದರೂ, ಮೊಬೈಲಿನಲ್ಲಿ ಸಿನಿಮಾ ನೋಡಿದರೂ ಆ ಕೆಲಸ ಇಂಥ ಯಾವುದೋ ಕಟ್ಟಡದಲ್ಲಿ ನಡೆದಿರುತ್ತದೆ. ಕಾರ್ಖಾನೆಗೆ ಪಾಳಿ ಇರುತ್ತದೆ, ರಜೆ ಇರುತ್ತದೆ. ಡೇಟಾ ಸೆಂಟರ್‌ಗೆ ಇಲ್ಲ. ಸರಾಸರಿ 10 ಮೆಗಾವಾಟ್ ಎಳೆಯುವ ಒಂದು ಕೇಂದ್ರ ವರ್ಷವಿಡೀ ನಡೆದರೆ 8.76 ಕೋಟಿ ಯೂನಿಟ್ ಬಳಸುತ್ತದೆ. ಗ್ರಿಡ್‌ನ ಗುಣಕದಲ್ಲಿ ಅದು ವರ್ಷಕ್ಕೆ 61 ಸಾವಿರ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಇದೇ ಪ್ರಮಾಣದ ವಿದ್ಯುತ್ತನ್ನು ಮನೆಮನೆಯ ಸೂರಿನಿಂದ ಪಡೆಯಬೇಕೆಂದರೆ ತಲಾ 3 ಕಿಲೋವಾಟ್‌ನ ಸುಮಾರು 21 ಸಾವಿರ ಸೌರ ಚಾವಣಿಗಳು ಬೇಕು.

ಹಾಗೆಂದು ಮನೆಯ ಸೌರಫಲಕ ಬೇಡವೆಂದಲ್ಲ. 21 ಸಾವಿರ ಮನೆಗಳ ಮನವೊಲಿಸಲು ಹತ್ತು ವರ್ಷ ಬೇಕಾಗಬಹುದು. ಒಂದು ದೊಡ್ಡ ಗ್ರಾಹಕನ ವಿದ್ಯುತ್ ಖರೀದಿ ಒಪ್ಪಂದವನ್ನು ಬದಲಿಸಲು ಒಂದು ವರ್ಷ ಸಾಕು. 2022ರ ಜೂನ್‌ನಲ್ಲಿ ಕೇಂದ್ರ ಸರಕಾರ ಹಸಿರು ವಿದ್ಯುತ್ತಿನ ಮುಕ್ತ ಪ್ರವೇಶದ ನಿಯಮಗಳನ್ನು ತಂದು, ಹಿಂದೆ 1 ಮೆಗಾವಾಟ್ ಇದ್ದ ಮಿತಿಯನ್ನು 100 ಕಿಲೋವಾಟ್‌ಗೆ ಇಳಿಸಿತು. ಅಂದರೆ ಡೇಟಾ ಸೆಂಟರ್ ಮಾತ್ರವಲ್ಲ, ಮಧ್ಯಮ ಗಾತ್ರದ ಆಸ್ಪತ್ರೆ, ಮಾಲ್, ಕಾಲೇಜು ಕೂಡ ದೂರದ ಸೌರ-ಪವನ ಘಟಕದಿಂದ ನೇರ ವಿದ್ಯುತ್ ಕೊಳ್ಳಬಹುದು.

ಇಲ್ಲೇ ಅಧಿಕಾರದ ಪ್ರಶ್ನೆ ಎದುರಾಗುತ್ತದೆ. ಟಿಟಿಸಿ ಪ್ರದೇಶ ನವಿ ಮುಂಬಯಿ ಪಾಲಿಕೆಯ ಗಡಿಯೊಳಗಿದ್ದರೂ ಅಲ್ಲಿ ನಿವೇಶನ ಕೊಡುವುದು, ಕಟ್ಟಡದ ನಕಾಶೆಗೆ ಒಪ್ಪಿಗೆ ಕೊಡುವುದು ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ. ವಿದ್ಯುತ್ ಹಂಚುವುದು ಮಹಾವಿತರಣ. ದರ, ನಿಯಮ ಹಾಕುವುದು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ. ಐರೋಲಿಯ ವಿಶೇಷವೆಂದರೆ ಇಲ್ಲಿನ ಎರಡು ದೊಡ್ಡ ಐಟಿ ಆವರಣಗಳು ವಿಶೇಷ ಆರ್ಥಿಕ ವಲಯಗಳಾಗಿರುವುದರಿಂದ ಅವುಗಳ ಮಾಲೀಕ ಕಂಪನಿಗಳೇ ಅಲ್ಲಿನ ವಿದ್ಯುತ್ ವಿತರಣಾ ಪರವಾನಗಿದಾರರು. ಪೂರ್ವದಲ್ಲಿ ಮೈಂಡ್‌ಸ್ಪೇಸ್, ಪಶ್ಚಿಮದಲ್ಲಿ ಗಿಗಾಪ್ಲೆಕ್ಸ್. ಆಯೋಗ ಅವೆರಡಕ್ಕೂ ಪ್ರತ್ಯೇಕ ದರ ಆದೇಶ ಹೊರಡಿಸುತ್ತದೆ. ಸಾವಿರಾರು ಉದ್ಯೋಗಿಗಳ ಕಂಪ್ಯೂಟರು, ಲಿಫ್ಟು, ಎಸಿಗೆ ಯಾವ ಮೂಲದ ವಿದ್ಯುತ್ ಕೊಳ್ಳಬೇಕೆಂಬ ನಿರ್ಧಾರ ಬೆರಳೆಣಿಕೆಯ ಜನರ ಕೈಯಲ್ಲಿದೆ ಎಂದಾಯಿತು. ಪಾಲಿಕೆ ಯೋಜನೆ ಬರೆಯುವಾಗ ಮೊದಲು ಮಾತಿಗೆ ಕರೆಯಬೇಕಾದವರು ಇವರೇ. ಶಾಲಾ ಮಕ್ಕಳ ಪ್ರಬಂಧ ಸ್ಪರ್ಧೆ ಆಮೇಲೆ ಆದರೂ ಆದೀತು.

ಮನೆಗಳ ವಿದ್ಯುತ್ತಿನ ವಿಷಯದಲ್ಲಿ ಊರಿಗೊಂದು ನ್ಯಾಯ. ಬೆಂಗಳೂರಿನ ತಂಪು ಬೆಳಗಿನಲ್ಲಿ ಬಿಸಿನೀರಿನ ಗೀಸರ್ ದೊಡ್ಡ ಹೊರೆ. ಹೊಸ ಕಟ್ಟಡಗಳಿಗೆ ಸೌರ ನೀರು ಕಾಯಿಸುವ ಯಂತ್ರ ಕಡ್ಡಾಯ ಮಾಡಿದ್ದು ಅಲ್ಲಿ ಸರಿಯಾದ ಮೊದಲ ಹೆಜ್ಜೆಯಾಗಿತ್ತು, ಅದರ ಫಲ ಇಂದಿಗೂ ಜಯನಗರ, ವಿಜಯನಗರಗಳ ಚಾವಣಿಯ ಮೇಲೆ ಕಾಣುತ್ತದೆ. ಖಾಡಿಯ ಪಕ್ಕದ ಬೆವರುವ ಐರೋಲಿಗೆ ಅದೇ ಯೋಜನೆ ನಕಲು ಮಾಡಿದರೆ ಸಿಗುವ ಲಾಭ ಸಣ್ಣದು. ಇಲ್ಲಿಯ ಹೊರೆ ಎಸಿ. ಒಂದೂವರೆ ಟನ್ನಿನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು 10 ಯೂನಿಟ್, ಅಂದರೆ 7 ಕಿಲೋ ಇಂಗಾಲದ ಡೈಆಕ್ಸೈಡ್. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು 6% ಉಳಿತಾಯ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 2020ರ ಜನವರಿಯಿಂದ ಮಾರಾಟವಾಗುವ ಎಸಿಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ ಬಂದದ್ದು ಅದಕ್ಕೇ.

ಆದರೆ ಎಸಿಗಿಂತ ಮೊದಲು ಗೋಡೆ ಮತ್ತು ಕಿಟಕಿಯ ಮಾತು ಬರಬೇಕು. ಸಿಡ್ಕೊ 1970ರಲ್ಲಿ ಹುಟ್ಟಿ ಕಟ್ಟುತ್ತ ಬಂದ ಹಳೆಯ ವಸತಿಗಳು ಈಗ ಒಂದೊಂದಾಗಿ ಪುನರಭಿವೃದ್ಧಿಗೆ ಬೀಳುತ್ತಿವೆ. ನಾಲ್ಕು ಮಾಳಿಗೆಯ ಕಟ್ಟಡ ಹೋಗಿ ಇಪ್ಪತ್ತು, ಮೂವತ್ತು ಮಾಳಿಗೆಯ ಗೋಪುರ ಏಳುತ್ತದೆ. ಅದು ಅರ್ಧ ಶತಮಾನವಾದರೂ ನಿಲ್ಲುತ್ತದೆ. ಪಡುವಣ ಬಿಸಿಲಿಗೆ ಬರಿಯ ಗಾಜು ಒಡ್ಡಿ ಕಟ್ಟಿದರೆ 2070ರವರೆಗೂ ಆ ಮನೆಯವರು ಎಸಿಗೆ ದುಡ್ಡು ಸುರಿಯುತ್ತಾರೆ. ಬಲ್ಬು ನಾಳೆ ಬದಲಿಸಬಹುದು, ಕಟ್ಟಡವನ್ನು ಬದಲಿಸಲಾಗದು. ಆದ್ದರಿಂದ ಇವತ್ತು ತಪ್ಪಿದರೆ ಮತ್ತೆ ಸರಿಪಡಿಸಲಾಗದ್ದಕ್ಕೆ ಸರದಿಯಲ್ಲಿ ಮುಂದಿನ ಜಾಗ ಸಿಗಬೇಕು. ಪುನರಭಿವೃದ್ಧಿಯ ಅರ್ಜಿಗಳು ಮೇಜಿನ ಮೇಲೆ ಇರುವ ಈ ಕೆಲವು ವರ್ಷಗಳಲ್ಲೇ ನೆರಳು, ಗಾಳಿಯಾಟ, ಚಾವಣಿಯ ಸೌರಫಲಕ, ವಾಹನ ಚಾರ್ಜಿಂಗ್ ತಂತಿಗಳನ್ನು ಷರತ್ತಾಗಿ ಹಾಕಬೇಕು. ಈ ಅಧಿಕಾರ ಪಾಲಿಕೆಯ ಕೈಯಲ್ಲೇ ಇದೆ, ಖರ್ಚೂ ಹೆಚ್ಚಿಲ್ಲ.

ಬಲ್ಬಿನ ವಿಷಯದಲ್ಲಿ ನಮ್ಮ ದೇಶ ಒಂದು ದೊಡ್ಡ ಪಾಠವನ್ನು ತೋರಿಸಿಕೊಟ್ಟಿದೆ. 2014ರಲ್ಲಿ ಸರಕಾರಿ ಖರೀದಿಯಲ್ಲಿ ಒಂದು ಎಲ್‌ಇಡಿ ಬಲ್ಬಿಗೆ 310 ರೂಪಾಯಿ ಇತ್ತು. ಉಜಾಲಾ ಯೋಜನೆಯಡಿ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಾಗಿ ಟೆಂಡರ್ ಕರೆದು ಕೊಂಡಾಗ 2016ರ ಹೊತ್ತಿಗೆ ಅದು 38 ರೂಪಾಯಿಗೆ ಇಳಿಯಿತು. ಮೂವತ್ತಾರು ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ಮೂರು ಪಾಲಿಕೆಗಳು ಸೇರಿ ಚಾವಣಿ ಸೌರಫಲಕಕ್ಕೂ ಹೀಗೆ ಒಟ್ಟು ಟೆಂಡರ್ ಕರೆದರೆ ಸೊಸೈಟಿಗಳಿಗೆ ಬೀಳುವ ಬೆಲೆ ಇಳಿಯದಿರಲು ಕಾರಣವಿಲ್ಲ.

ಸಾರಿಗೆಯ ವಿಷಯಕ್ಕೆ ಬಂದರೆ ಈ ಪ್ರದೇಶದ ನೋವು ಎದ್ದು ಕಾಣುತ್ತದೆ.

ಡೊಂಬಿವಲಿ, ಕಲ್ಯಾಣದಲ್ಲಿ ಮನೆ, ಐರೋಲಿ, ಘನ್ಸೋಲಿ, ಮಹಾಪೆಯಲ್ಲಿ ಕೆಲಸ. ಕನ್ನಡಿಗರೂ ಸೇರಿದಂತೆ ಲಕ್ಷಾಂತರ ಕುಟುಂಬಗಳ ದಿನಚರಿ ಇದು. ಮುಂಬಯಿಯಲ್ಲಿ ಮನೆ ಕೈಗೆಟುಕದೆ ಡೊಂಬಿವಲಿಗೆ ಬಂದವರು. ಆಮೇಲೆ ಕೆಲಸಗಳೇ ಖಾಡಿ ದಾಟಿ ನವಿ ಮುಂಬಯಿಗೆ ಬಂದವು. ಆದರೆ ರೈಲು ಹಳಿ ಆ ದಿಕ್ಕಿಗೆ ತಿರುಗಲಿಲ್ಲ. 2004ರಲ್ಲಿ ತೆರೆದ ಟ್ರಾನ್ಸ್-ಹಾರ್ಬರ್ ಮಾರ್ಗ ಥಾಣೆಯಿಂದ ಹೊರಡುತ್ತದೆ. ಡೊಂಬಿವಲಿಯವರು ಕಿಕ್ಕಿರಿದ ಲೋಕಲ್‌ನಲ್ಲಿ ಥಾಣೆಗೆ ಹೋಗಿ, ದೇಶದ ಅತಿ ಜನದಟ್ಟಣೆಯ ನಿಲ್ದಾಣಗಳಲ್ಲಿ ಒಂದಾದ ಅಲ್ಲಿ ಸೇತುವೆ ಹತ್ತಿಳಿದು, ಇನ್ನೊಂದು ರೈಲು ಹಿಡಿದು ಹಿಂದಕ್ಕೆ ತಿರುಗಿದಂತೆ ಐರೋಲಿಗೆ ಬರಬೇಕು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡದ್ದು ಇದೇ ಹಾದಿಯಲ್ಲಿ.

ಇದಕ್ಕೆ ಪರಿಹಾರ ಕಾಗದದ ಮೇಲೆ ಬಹಳ ಹಿಂದೆಯೇ ಸಿದ್ಧವಾಗಿದೆ. ಐರೋಲಿ-ಕಳ್ವಾ ಎತ್ತರಿಸಿದ ರೈಲು ಸಂಪರ್ಕ. ಸುಮಾರು 8 ಕಿಲೋಮೀಟರ್. ಮುಂಬಯಿ ನಗರ ಸಾರಿಗೆ ಯೋಜನೆಯ ಮೂರನೆಯ ಹಂತದಲ್ಲಿ 2016ರಲ್ಲಿ ಒಪ್ಪಿಗೆ ಪಡೆದ ಈ ಮಾರ್ಗ ಬಂದರೆ ಕಲ್ಯಾಣದ ಕಡೆಯ ರೈಲು ಥಾಣೆಯನ್ನು ಮುಟ್ಟದೆ ನೇರ ನವಿ ಮುಂಬಯಿಗೆ ಇಳಿಯುತ್ತದೆ. ಅದರ ಭಾಗವಾದ ದಿಘಾ ಗಾಂವ್ ನಿಲ್ದಾಣ 2024ರ ಜನವರಿ 12ರಂದು ಉದ್ಘಾಟನೆಯಾಯಿತು. ಕಳ್ವಾದ ಕಡೆಗೆ ಹೋಗಬೇಕಾದ ಹಳಿ ಮಾತ್ರ, ದಾರಿಯಲ್ಲಿರುವ ಬಸ್ತಿಗಳ ಕುಟುಂಬಗಳಿಗೆ ಬದಲಿ ಮನೆ ಕೊಡುವ ಪ್ರಶ್ನೆ ಇತ್ಯರ್ಥವಾಗದೆ ವರ್ಷಗಟ್ಟಲೆ ನಿಂತಿತು.

ಅದೇ ಹೊತ್ತಿಗೆ ಮುಂಬಯಿ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಐರೋಲಿ-ಕಟಾಯಿ ರಸ್ತೆಯನ್ನು ಕೈಗೆತ್ತಿಕೊಂಡಿತು. ಪಾರಸಿಕ ಗುಡ್ಡ ಕೊರೆದು ಜೋಡಿ ಸುರಂಗ, ಆಮೇಲೆ ಮೇಲ್ಸೇತುವೆ. ಒಟ್ಟು 12 ಕಿಲೋಮೀಟರ್‌ಗೂ ಹೆಚ್ಚು. ಡೊಂಬಿವಲಿ-ಐರೋಲಿ ನಡುವಿನ ಕಾರು ಪ್ರಯಾಣ ಇದರಿಂದ ಬಹಳ ಚುರುಕಾಗುತ್ತದೆ. ಇಂದಿನ ದಾರಿಯಲ್ಲಿರುವ ಶಿಳಫಾಟಾದ ವಾಹನ ದಟ್ಟಣೆಯಲ್ಲಿ ಬೆಂದವರು ಅದನ್ನು ಸ್ವಾಗತಿಸುವುದು ಸಹಜ.

ಆದರೂ ಲೆಕ್ಕ ಕೇಳಲೇಬೇಕು. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರು ದಿನಕ್ಕೆ 50 ಕಿಲೋಮೀಟರ್ ಹೋಗಿಬಂದರೆ, ವರ್ಷಕ್ಕೆ 250 ಕೆಲಸದ ದಿನಗಳಲ್ಲಿ ಸುಮಾರು 1.9 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಒಬ್ಬ ಭಾರತೀಯನ ವಾರ್ಷಿಕ ಸರಾಸರಿಯೇ ಸುಮಾರು 2 ಟನ್. ಅಂದರೆ ಬರಿಯ ಕಚೇರಿಗೆ ಹೋಗಿಬರುವುದರಲ್ಲೇ ಇನ್ನೊಬ್ಬ ನಾಗರಿಕನ ಇಡೀ ವರ್ಷದ ಪಾಲು ಮುಗಿಯಿತು. ಅದೇ ವ್ಯಕ್ತಿ ವಿದ್ಯುತ್ ಲೋಕಲ್‌ನಲ್ಲಿ ಬಂದರೆ ಅದರ ಸಣ್ಣದೊಂದು ಅಂಶವೂ ಆಗದು, ಏಕೆಂದರೆ ಆ ರೈಲಿನ ವಿದ್ಯುತ್ತು ಸಾವಿರಾರು ಜನರ ನಡುವೆ ಹಂಚಿಹೋಗುತ್ತದೆ. ಸುರಂಗ ಮೊದಲು ತೆರೆದು ರೈಲು ಆಮೇಲೆ ಬಂದರೆ, ನಡುವಿನ ವರ್ಷಗಳಲ್ಲಿ ಸಾವಿರಾರು ಕುಟುಂಬಗಳು ಸಾಲ ಮಾಡಿ ಕಾರು ಕೊಂಡಿರುತ್ತವೆ. ಒಮ್ಮೆ ಕೊಂಡ ಕಾರನ್ನು ಮನೆಯಲ್ಲಿಟ್ಟು ರೈಲು ಹತ್ತಿಸುವುದು ಸುಲಭವಲ್ಲ. ರಸ್ತೆಗೂ ರೈಲಿಗೂ ಎರಡಕ್ಕೂ ಹಣವಿರುವ ಈ ಪ್ರದೇಶದಲ್ಲಿ ಸರದಿ ತಪ್ಪಿದ್ದು ಹಣದ ಕೊರತೆಯಿಂದಲ್ಲ, ಬಡವರ ಪುನರ್ವಸತಿಯನ್ನು ಕೊನೆಗೆ ತಳ್ಳಿದ್ದರಿಂದ. ಕಳ್ವಾ, ದಿಘಾ ಬಸ್ತಿಗಳ ಕುಟುಂಬಗಳಿಗೆ ಯೋಗ್ಯವಾದ ಬದಲಿ ಮನೆ ಕೊಡುವುದು ಈ ಪ್ರದೇಶದ ಹವಾಮಾನ ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದ ಕೆಲಸ.

ವಿದ್ಯುತ್ ಬಸ್ಸುಗಳ ಬಗ್ಗೆಯೂ ಒಂದು ಮಾತು. ನವಿ ಮುಂಬಯಿ ಸಾರಿಗೆ ಸಂಸ್ಥೆ, ಕೇಂದ್ರ ಸರಕಾರದ ಫೇಮ್ ಯೋಜನೆಯಿಂದ ಸಿಕ್ಕ ನೆರವಿನಲ್ಲಿ ಅವನ್ನು ಓಡಿಸುತ್ತಿದೆ. ರಸ್ತೆ ಬದಿಯಲ್ಲಿ ಉಸಿರಾಡುವವರಿಗೆ ಇದು ದೊಡ್ಡ ಉಪಕಾರ. ಆದರೆ ಇಂಗಾಲದ ಖಾತೆಯಲ್ಲಿ ಕಿಲೋಮೀಟರಿಗೆ ಒಂದಕ್ಕಿಂತ ತುಸು ಹೆಚ್ಚು ಯೂನಿಟ್ ಬಳಸುವ ಬಸ್ಸು, ಇಂದಿನ ಗ್ರಿಡ್‌ನ ಕಲ್ಲಿದ್ದಲಿನ ಪಾಲನ್ನು ನೋಡಿದರೆ, ಲೀಟರಿಗೆ ಮೂರೂವರೆ ಕಿಲೋಮೀಟರ್ ಓಡುವ ಡೀಸೆಲ್ ಬಸ್ಸಿಗೆ ಹತ್ತಿರ ಹತ್ತಿರ ಸಮವಾಗಿ ನಿಲ್ಲುತ್ತದೆ. ಡಿಪೊಗೆ ಸೌರ ಅಥವಾ ಪವನ ವಿದ್ಯುತ್ತಿನ ಒಪ್ಪಂದ ಮಾಡಿಕೊಂಡ ದಿನ ಆ ಬಸ್ಸಿನ ಲಾಭ ಪೂರ್ತಿಯಾಗಿ ಕೈಗೆ ಬರುತ್ತದೆ. ಬಸ್ಸು ಬೇಕು, ಅದರ ಜೊತೆಗೇ ವಿದ್ಯುತ್ತಿನ ಮೂಲವೂ ಬದಲಾಗಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಕಸದ ಪಾಲು ಒಟ್ಟು ಲೆಕ್ಕದಲ್ಲಿ ಚಿಕ್ಕದು, ಆದರೆ ಬೇಗ ಫಲ ಕೊಡುವಂಥದು. ಒದ್ದೆ ಕಸ ಗುಡ್ಡೆಯೊಳಗೆ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಅವಧಿಯಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಪ್ರಬಲ. ಇಪ್ಪತ್ತು ವರ್ಷದಲ್ಲಿ ನೋಡಿದರೆ 80 ಪಟ್ಟಿನ ಆಸುಪಾಸು. ಅದೇ ಮೀಥೇನ್ ಹತ್ತಾರು ವರ್ಷದಲ್ಲಿ ಗಾಳಿಯಿಂದ ಕರಗಿಯೂ ಹೋಗುವುದರಿಂದ ಇವತ್ತು ತಡೆದದ್ದರ ಫಲ ಈ ತಲೆಮಾರಿಗೇ ಸಿಗುತ್ತದೆ. ಕಲ್ಯಾಣದ ಆಧಾರವಾಡಿ ಕಸದ ಗುಡ್ಡೆ ದಶಕಗಳ ಕಾಲ ಹೊಗೆಯಾಡಿ 2021ರಲ್ಲಿ ಮುಚ್ಚಿತು. ಥಾಣೆಯ ದಿವಾ ಗುಡ್ಡೆ 2023ರಲ್ಲಿ ಮುಚ್ಚಿತು. ಕಸ ಬೇರೆ ಕಡೆಗೆ ಹೋಯಿತು, ಅಷ್ಟೇ. ಮುಚ್ಚಿದ ಗುಡ್ಡೆಯೊಳಗಿನ ಹಳೆಯ ಕಸ ಇನ್ನೂ ಮೀಥೇನ್ ಬಿಡುತ್ತಿರುತ್ತದೆ. ಇಂದೋರ್ 2022ರ ಫೆಬ್ರವರಿಯಲ್ಲಿ ದಿನಕ್ಕೆ 550 ಟನ್ ಒದ್ದೆ ಕಸದಿಂದ ವಾಹನ ಇಂಧನ ತಯಾರಿಸುವ ಘಟಕ ತೆರೆಯಿತು. ಅದು ಯಶಸ್ವಿಯಾಗಲು ಯಂತ್ರಕ್ಕಿಂತ ಹೆಚ್ಚು ಕಾರಣವಾದದ್ದು ಮನೆಬಾಗಿಲಲ್ಲೇ ಒದ್ದೆ-ಒಣ ಬೇರೆಯಾಗಿ ಬರುವುದು.

ಇಲ್ಲಿ ಕನ್ನಡಿಗರ ಪಾತ್ರ ನೇರವಾಗಿದೆ. ಥಾಣೆಯಿಂದ ಪನವೇಲ್‌ವರೆಗೆ ಉಡುಪಿ ಹೋಟೆಲುಗಳ ಸಾಲು ಹೆಚ್ಚಾಗಿ ಕರಾವಳಿಯವರದು. ತರಕಾರಿ ಸಿಪ್ಪೆ, ತೆಂಗಿನ ಚಿಪ್ಪು, ಉಳಿದ ಅನ್ನ, ಚಹಾ ಪುಡಿ ಎಲ್ಲ ಸೇರಿ ದಿನಕ್ಕೆ ನೂರು ಕಿಲೋ ದಾಟುವ ಹೋಟೆಲುಗಳು ಕಡಿಮೆಯಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಅಂಥವರನ್ನು ದೊಡ್ಡ ಉತ್ಪಾದಕರೆಂದು ಹೆಸರಿಸಿ, ಸಾಧ್ಯವಾದಷ್ಟು ತಮ್ಮ ಕಸವನ್ನು ತಾವೇ ಸಂಸ್ಕರಿಸುವ ಹೊಣೆ ಹೊರಿಸಿದವು. ಹತ್ತು ಹೋಟೆಲುಗಳು ಕೂಡಿ ಒಂದು ಜೈವಿಕ ಅನಿಲ ಘಟಕ ಇಟ್ಟರೆ ಗುಡ್ಡೆಯ ಮೀಥೇನೂ ತಪ್ಪುತ್ತದೆ, ಸಿಲಿಂಡರಿನ ಖರ್ಚೂ ಇಳಿಯುತ್ತದೆ. ವ್ಯಾಪಾರದ ಒಗ್ಗಟ್ಟಿಗೆ ಹೆಸರಾದ ಹೋಟೆಲು ಸಮುದಾಯಕ್ಕೆ ಇದು ಮೀರಿದ ಕೆಲಸವಲ್ಲ.

ನೀರೆತ್ತಿ ಹರಿಸಲೂ ವಿದ್ಯುತ್ತು ಬೇಕಾದ್ದರಿಂದ ನೀರೂ ಈ ಲೆಕ್ಕದೊಳಗೇ ಬರುತ್ತದೆ; ಆ ವಿಷಯದಲ್ಲಿ ನವಿ ಮುಂಬಯಿ ಈಗಾಗಲೇ ದಾರಿ ತೋರಿದೆ. ಸ್ವಂತ ಅಣೆಕಟ್ಟು ಇರುವ ವಿರಳ ಪಾಲಿಕೆಗಳಲ್ಲಿ ಇದೊಂದು. ಮೋರ್ಬೆ ಜಲಾಶಯದ ಮೇಲೆ ಸೌರಫಲಕ ತೇಲಿಸುವ ಪ್ರಸ್ತಾಪವನ್ನೂ ಮುಂದಿಟ್ಟಿದೆ. ಐರೋಲಿ ಮತ್ತು ಕೋಪರ್‌ಖೈರಣೆಯಲ್ಲಿ ಅಮೃತ್ ಯೋಜನೆಯಡಿ ತಲಾ ದಿನಕ್ಕೆ 2 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳು ಒಳಚರಂಡಿ ನೀರನ್ನು ಮೂರನೆಯ ಹಂತದವರೆಗೆ ಶುದ್ಧಮಾಡಿ ಟಿಟಿಸಿಯ ಕಾರ್ಖಾನೆಗಳಿಗೆ ಕೊಡಲೆಂದು ನಿಂತಿವೆ.

ಕಾಂಡ್ಲಾ ಕಾಡಿನ ವಿಷಯ ಬೇರೆ ತೂಕದ್ದು. ಥಾಣೆ ಖಾಡಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ, ಅಲ್ಲಿಂದ ದೋಣಿಯಲ್ಲಿ ಹಕ್ಕಿ ನೋಡಲು ಹೋಗಬಹುದು. ಕಾಂಡ್ಲಾ ಮರಗಳ ಇಂಗಾಲದ ಬಹುಪಾಲು ಕಾಂಡದಲ್ಲಿಲ್ಲ, ಬೇರಿನಡಿಯ ಕೆಸರಿನಲ್ಲಿ ಶತಮಾನಗಳಿಂದ ಹೂತು ಕುಳಿತಿದೆ. ಕಾಡು ಕಡಿದು ಮಣ್ಣು ತುಂಬಿದರೆ ಆ ಸಂಗ್ರಹ ಗಾಳಿಗೆ ಬಿಡುಗಡೆಯಾಗುತ್ತದೆ. ಬೇರೆಲ್ಲೋ ಸಸಿ ನೆಟ್ಟು ಅದನ್ನು ತುಂಬಿಕೊಡಲು ನಮ್ಮ ಜೀವಮಾನ ಸಾಲದು. ಕಾಂಡ್ಲಾ ನಾಶ ನಾಗರಿಕರ ಜೀವಿಸುವ ಹಕ್ಕಿಗೇ ಧಕ್ಕೆ ಎಂದು ಬಾಂಬೆ ಹೈಕೋರ್ಟ್ 2018ರಲ್ಲಿ ಹೇಳಿದೆ. ಇರುವುದನ್ನು ಉಳಿಸುವುದು ಹೊಸದಾಗಿ ನೆಡುವುದಕ್ಕಿಂತ ಅಗ್ಗ, ಖಚಿತ. ನೆಟ್ಟ ಗಿಡಗಳ ಸಂಖ್ಯೆಯಿಂದ ಹಸಿರನ್ನು ಅಳೆಯುವ ಪಾಲಿಕೆಗಳು ಉಳಿಸಿಕೊಂಡ ಕಾಂಡ್ಲಾದ ಹೆಕ್ಟೇರುಗಳನ್ನೂ ವರ್ಷವರ್ಷ ಪ್ರಕಟಿಸಲಿ.

ಹಾಗಾದರೆ ಸರದಿ ಹಾಕುವುದು ಹೇಗೆ? ಕೇಳಬೇಕಾದ ಪ್ರಶ್ನೆಗಳು ಈಗಾಗಲೇ ಈ ಉದಾಹರಣೆಗಳಲ್ಲಿ ಬಂದಿವೆ: ಎಷ್ಟು ಟನ್ ಇಳಿಯುತ್ತದೆ, ಟನ್ನಿಗೆ ಖರ್ಚೆಷ್ಟು, ನಿರ್ಧಾರ ಯಾರ ಕೈಯಲ್ಲಿದೆ, ತಡವಾದರೆ ತಿದ್ದಬಹುದೇ, ಬಡವರಿಗೆ ಇದರಿಂದ ಹಿತವೇ ಹೊರೆಯೇ. ಅಧಿಕಾರದ ಪ್ರಶ್ನೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಕೋಪನ್‌ಹೇಗನ್ ಸಾಕ್ಷಿ. 2025ಕ್ಕೆ ಇಂಗಾಲ ಮುಕ್ತ ರಾಜಧಾನಿಯಾಗುತ್ತೇವೆಂದು 2012ರಲ್ಲಿ ಘೋಷಿಸಿದ ಆ ನಗರ, ಕಸ ಸುಡುವ ಘಟಕದ ಇಂಗಾಲ ಹಿಡಿಯುವ ಯೋಜನೆಗೆ ರಾಷ್ಟ್ರದ ನಿಧಿ ಸಿಗದೆ, ಗುರಿ ತಪ್ಪುತ್ತದೆಂದು 2022ರಲ್ಲಿ ಒಪ್ಪಿಕೊಂಡಿತು. ತನ್ನ ಕೈಯಲ್ಲಿದ್ದ ಸೈಕಲ್ ದಾರಿ, ಮನೆ ಬಿಸಿಮಾಡುವ ಕೊಳವೆ ಜಾಲದಲ್ಲಿ ಅದು ಗೆದ್ದಿತ್ತು.

ಹಣದ ವಿಷಯದಲ್ಲಿ ಓಸ್ಲೊ ನಗರ 2017ರಿಂದ ಹವಾಮಾನ ಆಯವ್ಯಯ ಮಂಡಿಸುತ್ತಿದೆ: ಇಂತಿಷ್ಟು ಕ್ರೋನ್ ಖರ್ಚು, ಇಂತಿಷ್ಟು ಟನ್ ಇಳಿಕೆ, ಹೊಣೆ ಇಂಥ ಇಲಾಖೆ. ಮುಂಬಯಿ ಪಾಲಿಕೆಯೂ 2024ರಲ್ಲಿ ತನ್ನ ಮೊದಲ ಹವಾಮಾನ ಆಯವ್ಯಯ ವರದಿ ಹೊರತಂದಿತು. ಖಾಡಿಯ ಈಚೆ ದಡದ ಪಾಲಿಕೆಗಳು ಕಲಿಯಬೇಕಾದ್ದು ಇದನ್ನು. ಜೊತೆಗೆ ಇನ್ನೊಂದು: ಡೊಂಬಿವಲಿಯ ಮನೆ, ಥಾಣೆಯ ನಿಲ್ದಾಣ, ಐರೋಲಿಯ ಕಚೇರಿ ಒಬ್ಬನೇ ಮನುಷ್ಯನ ಒಂದು ದಿನದಲ್ಲಿ ಬರುವಾಗ ಮೂರು ಪಾಲಿಕೆಗಳು ಮೂರು ಬೇರೆ ಬೇರೆ ಯೋಜನೆ ಬರೆದರೆ ಪ್ರಯಾಣದ ಹೊಗೆ ಯಾರ ಖಾತೆಗೂ ಸೇರದೆ ಉಳಿಯುತ್ತದೆ. ಸಾರಿಗೆ, ವಿದ್ಯುತ್, ಕಸ ಈ ಮೂರಕ್ಕಾದರೂ ಇಡೀ ಪ್ರದೇಶಕ್ಕೆ ಒಂದೇ ಲೆಕ್ಕಪತ್ರ ಬೇಕು.

ಸರಕಾರದ ಸರದಿಗೆ ಕಾಯದೆ ಆಗುವ ಕೆಲಸವೂ ಇದೆ. ಪಿಎಂ ಸೂರ್ಯಘರ್ ಯೋಜನೆಯಡಿ ಹೌಸಿಂಗ್ ಸೊಸೈಟಿಗಳ ಲಿಫ್ಟು, ಪಂಪು, ಮೆಟ್ಟಿಲ ದೀಪ, ವಾಹನ ಚಾರ್ಜಿಂಗ್‌ನಂಥ ಸಾಮಾನ್ಯ ಬಳಕೆಗೆ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನವಿದೆ. ಯೋಜನೆಯ ಅವಧಿ 2026-27ರವರೆಗೆ. ಒಂದು ಕಿಲೋವಾಟಿಗೆ ಸುಮಾರು 10 ಚದರ ಮೀಟರ್ ಚಾವಣಿ ಸಾಕು, ವರ್ಷಕ್ಕೆ ಸುಮಾರು 1,400 ಯೂನಿಟ್ ಬರುತ್ತದೆ, ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ. ಡೊಂಬಿವಲಿಯ ಮಂಜುನಾಥ ವಿದ್ಯಾಲಯ, ಐರೋಲಿಯ ಹೆಗ್ಗಡೆ ಭವನದಂತೆ ಕನ್ನಡಿಗರು ಕಟ್ಟಿ ಬೆಳೆಸಿದ ಕಟ್ಟಡಗಳು ಈ ಪ್ರದೇಶದಲ್ಲಿ ಹಲವಿವೆ. ಅವುಗಳ ಆಡಳಿತ ಮಂಡಳಿಗಳೂ ತಮ್ಮ ಚಾವಣಿಯ ಅಳತೆ ತೆಗೆಸಿ ಲೆಕ್ಕ ಹಾಕಿಸಲಿ. ಮಹಾರಾಷ್ಟ್ರದ ಸಹಕಾರಿ ಕಾಯ್ದೆಯಂತೆ ಪ್ರತಿ ಸೊಸೈಟಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ಕರೆಯಬೇಕು. ಈ ಲೇಖನ ಓದಿದವರು ತಮ್ಮ ಸೊಸೈಟಿಯ ಕಾರ್ಯದರ್ಶಿಗೆ ಇವತ್ತೇ ಒಂದು ಪತ್ರ ಬರೆದು, ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಚಾವಣಿ ಸೌರಫಲಕ ಮತ್ತು ಒದ್ದೆ ಕಸದ ಸಂಸ್ಕರಣೆ ಎಂಬ ಎರಡು ವಿಷಯಗಳನ್ನು ಸೇರಿಸಲು ಕೇಳಿಕೊಳ್ಳಿ.